ರಜೆಯ ಪ್ರವಾಸ, ನಡುರಾತ್ರಿಯ ಭೇದಿ: ಮಗುವಿಗೆ ಕುಡಿಸಬೇಕಾದದ್ದು ಯಾವ ಒಆರ್‌ಎಸ್?

ಬೆಂಗಳೂರು: ಬೇಸಿಗೆ ರಜೆ ಆರಂಭವಾಯಿತೆಂದರೆ ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಪ್ರವಾಸದ ಮಾತು ತಾನಾಗಿಯೇ ಹೊರಡುತ್ತದೆ. ಮೈಸೂರಿನ ಮೃಗಾಲಯ, ಕೃಷ್ಣರಾಜಸಾಗರದ ಬೃಂದಾವನ, ಮಲ್ಪೆಯ ಕಡಲತೀರ, ಹೊರನಾಡು–ಶೃಂಗೇರಿಯ ದೇವಸ್ಥಾನಗಳು ಹೀಗೆ ಪಟ್ಟಿ ಬೆಳೆಯುತ್ತದೆ. ಬಟ್ಟೆಬರೆ, ಟೋಪಿ, ಕುರುಕಲು ತಿಂಡಿ ಎಲ್ಲವೂ ಚೀಲ ಸೇರುತ್ತವೆ. ಆದರೆ ಪ್ರವಾಸದಲ್ಲಿ ಮಕ್ಕಳನ್ನು ಹೆಚ್ಚಾಗಿ ಕಾಡುವ ವಾಂತಿ–ಭೇದಿಗೆ ಬೇಕಾಗುವ ಸಣ್ಣ ಪೊಟ್ಟಣವೊಂದು ಮಾತ್ರ ಮನೆಯಲ್ಲೇ ಉಳಿದುಬಿಡುತ್ತದೆ.

ಪೊಟ್ಟಣ ಮರೆತರೇನಂತೆ, ಎಲ್ಲ ಊರುಗಳಲ್ಲೂ ಔಷಧಿ ಅಂಗಡಿಗಳಿವೆಯಲ್ಲ ಎನ್ನುವವರಿದ್ದಾರೆ. ಈ ವರದಿಗಾರನೂ ಹಾಗೆಯೇ ಅಂದುಕೊಂಡಿದ್ದ.

ಮೈಸೂರಿನ ಆ ರಾತ್ರಿ

2025ರ ಮೇ ತಿಂಗಳು. ಮೂರು ವರ್ಷದ ಮಗಳು, ಪತ್ನಿ ಹಾಗೂ ತಾಯಿಯವರೊಂದಿಗೆ ಮೈಸೂರಿಗೆ ಹೋಗಿದ್ದೆ. ಮಂಗಳವಾರ ಮೃಗಾಲಯಕ್ಕೆ ರಜೆ ಎಂಬುದನ್ನು ನೆನಪಿಟ್ಟುಕೊಂಡು ಬುಧವಾರವೇ ಅಲ್ಲಿಗೆ ಕಾಲಿಟ್ಟಿದ್ದೆವು. ಮಗು ಜಿರಾಫೆಯನ್ನು ಕಂಡು ಕುಣಿಯಿತು. ದಣಿವಾದಾಗ ಹೊರಗಿನ ಗಾಡಿಯಲ್ಲಿ ಹೆಚ್ಚಿಟ್ಟಿದ್ದ ಮಾವಿನಕಾಯಿ ಕೇಳಿತು, ಬಣ್ಣದ ಐಸ್ ಕೇಳಿತು. ರಜೆಯ ದಿನ ಮಗುವಿಗೆ ಇಲ್ಲವೆನ್ನಲು ಯಾರಿಗೂ ಮನಸ್ಸು ಬರಲಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಮಗುವಿಗೆ ವಾಂತಿ ಆರಂಭವಾಯಿತು. ಅದರ ಬೆನ್ನಿಗೇ ನೀರಿನಂತಹ ಭೇದಿ. ಬೀದಿಯ ಕೊನೆಯಲ್ಲಿ ತೆರೆದಿದ್ದ ಔಷಧಿ ಅಂಗಡಿಗೆ ಓಡಿ ‘ಒಆರ್‌ಎಸ್ ಕೊಡಿ’ ಎಂದೆ. ಅಂಗಡಿಯವರು ಕಿತ್ತಳೆ ಚಿತ್ರವಿದ್ದ, ಸ್ಟ್ರಾ ಅಂಟಿಸಿದ್ದ ಎರಡು ರಟ್ಟಿನ ಡಬ್ಬಿಗಳನ್ನು ಕೊಟ್ಟರು. ಮುಂಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಒಆರ್‌ಎಸ್ ಎಂಬ ಅಕ್ಷರಗಳೇ ಇದ್ದವು. ನೀರು ಬೆರೆಸುವ ಗೊಡವೆಯಿಲ್ಲ, ರುಚಿಯೂ ಚೆನ್ನ. ಮಗು ಗಟಗಟನೆ ಕುಡಿಯಿತು.

‘ಹೋಟೆಲಿನವರನ್ನು ಕೇಳಿ ಒಂದಿಷ್ಟು ಗಂಜಿತಿಳಿ ತಾರೋ, ಚಿಟಿಕೆ ಉಪ್ಪು ಹಾಕಿ ಕುಡಿಸೋಣ’ ಎಂದು ಅಮ್ಮ ಹೇಳುತ್ತಲೇ ಇದ್ದರು. ಔಷಧವೇ ಸಿಕ್ಕಿರುವಾಗ ಗಂಜಿ ಏತಕ್ಕಮ್ಮ ಎಂದು ನಾನು ಸುಮ್ಮನಾಗಿಸಿದೆ.

ಭೇದಿ ಹೆಚ್ಚಾಯಿತೇ ಹೊರತು ತಗ್ಗಲಿಲ್ಲ. ಬೆಳಗಿನ ಹೊತ್ತಿಗೆ ಮಗುವಿನ ಕಣ್ಣು ಗುಳಿಬಿದ್ದಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಹತ್ತಿರದ ಚಿಕಿತ್ಸಾಲಯದ ಮಕ್ಕಳ ವೈದ್ಯೆ ಕೇಳಿದ ಮೊದಲ ಪ್ರಶ್ನೆ, ‘ರಾತ್ರಿಯಿಂದ ಏನು ಕುಡಿಸಿದಿರಿ?’ ಡಬ್ಬಿ ತೋರಿಸಿದೆ. ಅವರು ಅದನ್ನು ಹಿಂದೆ ತಿರುಗಿಸಿ, ಸಾಸಿವೆಯಷ್ಟು ಸಣ್ಣ ಅಕ್ಷರಗಳ ಸಾಲೊಂದರ ಮೇಲೆ ಬೆರಳಿಟ್ಟರು. ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಒಆರ್‌ಎಸ್ ಸೂತ್ರವಲ್ಲ ಎಂದು ಡಬ್ಬಿಯೇ ಹೇಳುತ್ತಿತ್ತು! ಅಮ್ಮನ ಗಂಜಿತಿಳಿಯ ವಿಷಯ ಕೇಳಿದ ವೈದ್ಯೆ, ‘ಅಜ್ಜಿ ಹೇಳಿದ್ದೇ ಇದಕ್ಕಿಂತ ಮೇಲಿತ್ತು’ ಎಂದರು.

ನಾಲ್ಕು ತಾಸು ಅಲ್ಲಿಯೇ ಕುಳಿತು, ನಿಜವಾದ ಒಆರ್‌ಎಸ್ ದ್ರಾವಣವನ್ನು ಚಮಚ ಚಮಚವಾಗಿ ಕುಡಿಸಿದ ಮೇಲೆ ಮಗು ಚೇತರಿಸಿಕೊಂಡಿತು. ಅಂದು ಕಲಿತದ್ದನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮಕ್ಕಳಿಗೇಕೆ ಇಷ್ಟು ಬೇಗ ಅಪಾಯ?

ಭೇದಿಯೆಂಬುದು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿಯೇ ಶಮನವಾಗುವ ಕಾಯಿಲೆ. ಪುಟ್ಟ ಮಕ್ಕಳಲ್ಲಿ ಇದಕ್ಕೆ ಬಹುತೇಕ ರೋಟಾವೈರಸ್‌ನಂತಹ ವೈರಾಣುಗಳೇ ಕಾರಣ. ಜೀವಕ್ಕೆ ಎರವಾಗುವುದು ಹೆಚ್ಚಾಗಿ ವೈರಾಣುವಲ್ಲ, ದೇಹದಿಂದ ಸೋರಿಹೋಗುವ ನೀರು ಮತ್ತು ಲವಣಾಂಶ. ಇದನ್ನೇ ನಿರ್ಜಲೀಕರಣ ಎನ್ನಲಾಗುತ್ತದೆ.

ಒಂದು ಸರಳ ಲೆಕ್ಕ ನೋಡೋಣ. ದೇಹತೂಕದ ಶೇ 5ರಿಂದ 10ರಷ್ಟು ನೀರು ನಷ್ಟವಾದರೆ ನಿರ್ಜಲೀಕರಣದ ಲಕ್ಷಣಗಳು ಎದ್ದು ಕಾಣುತ್ತವೆ. ಶೇ 10ನ್ನು ಮೀರಿದರೆ ಅದು ತೀವ್ರ ಸ್ಥಿತಿ. 60 ಕಿಲೋ ತೂಗುವ ವಯಸ್ಕನೊಬ್ಬ ಆ ಸ್ಥಿತಿ ತಲುಪಲು 6 ಲೀಟರ್ ನೀರು ಕಳೆದುಕೊಳ್ಳಬೇಕು. 10 ಕಿಲೋ ತೂಗುವ ಮಗುವಿಗಾದರೋ ಒಂದೇ ಲೀಟರ್ ಸಾಕು. ಒಂದು ರಾತ್ರಿಯಲ್ಲಿ ಅಷ್ಟು ನೀರು ಸೋರಿಹೋಗುವುದು ಅಸಾಧ್ಯವೇನಲ್ಲ. ದೊಡ್ಡವರು ‘ಬೆಳಗ್ಗೆ ನೋಡೋಣ’ ಎಂದು ಮಲಗಬಹುದು. ಮಗುವಿನ ವಿಷಯದಲ್ಲಿ ಮೊದಲ ಭೇದಿಯಾದಾಗಲೇ ಕುಡಿಸಲು ಆರಂಭಿಸಬೇಕು.

ಜಗತ್ತಿನಾದ್ಯಂತ ಐದು ವರ್ಷದೊಳಗಿನ ಸುಮಾರು 4.4 ಲಕ್ಷ ಮಕ್ಕಳು ಪ್ರತಿ ವರ್ಷ ಅತಿಸಾರಕ್ಕೆ ಬಲಿಯಾಗುತ್ತಿದ್ದಾರೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಮದ್ದು ಕೆಲವೇ ರೂಪಾಯಿಗಳದ್ದಾಗಿದ್ದರೂ ಈ ಸಾವುಗಳು ನಿಂತಿಲ್ಲ.

ಬರೀ ನೀರು ಸಾಲದೇ?

ಸಾಲದು. ಭೇದಿಯಲ್ಲಿ ನೀರಿನೊಂದಿಗೆ ಸೋಡಿಯಂ, ಪೊಟ್ಯಾಶಿಯಂ ಮುಂತಾದ ಲವಣಗಳೂ ಹೋಗುತ್ತವೆ. ಅಲ್ಲದೆ, ಕುಡಿದ ನೀರನ್ನು ಕರುಳು ಹೀರಿಕೊಳ್ಳಬೇಕಾದರೆ ಅದಕ್ಕೊಂದು ದಾರಿ ಬೇಕು. ಸಣ್ಣ ಕರುಳಿನ ಒಳಪದರದಲ್ಲಿ ಸೋಡಿಯಂ ಹಾಗೂ ಗ್ಲೂಕೋಸ್ ಎರಡನ್ನೂ ಜೊತೆಯಾಗಿ ಒಳಗೆ ಸಾಗಿಸುವ ವ್ಯವಸ್ಥೆಯೊಂದಿದೆ. ಈ ಜೋಡಿ ಒಳಹೋದಾಗ ನೀರೂ ಅದರ ಹಿಂದೆಯೇ ಹೋಗುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಈ ವ್ಯವಸ್ಥೆಯನ್ನು ಪ್ರತಿಪಾದಿಸಿದರು. ಭೇದಿಯ ಹೊತ್ತಿನಲ್ಲಿಯೂ ಈ ದಾರಿ ಬಹುಮಟ್ಟಿಗೆ ತೆರೆದೇ ಇರುತ್ತದೆ ಎಂಬುದೇ ಒಆರ್‌ಎಸ್‌ನ ಗುಟ್ಟು.

ಹಾಗಾದರೆ ಸಕ್ಕರೆ ಹೆಚ್ಚಿದಷ್ಟೂ ಒಳ್ಳೆಯದೇ? ಖಂಡಿತ ಅಲ್ಲ. ಉಪ್ಪಿನಕಾಯಿಗೆಂದು ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿ ಜಾಡಿಯಲ್ಲಿಟ್ಟರೆ ಮರುದಿನ ಹೋಳುಗಳು ನೀರು ಬಿಟ್ಟಿರುತ್ತವೆ. ಗಾಢವಾದ ಉಪ್ಪು ಹೋಳಿನೊಳಗಿನ ನೀರನ್ನು ಹೊರಗೆಳೆಯುತ್ತದೆ. ಸಕ್ಕರೆಯ ಗುಣವೂ ಅದೇ. ಅತಿ ಸಿಹಿಯಾದ ಪಾನೀಯ ಕರುಳನ್ನು ತಲುಪಿದಾಗ ಅದು ದೇಹದ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ. ಪರಿಣಾಮವಾಗಿ ಭೇದಿ ಇನ್ನಷ್ಟು ಹೆಚ್ಚುತ್ತದೆ. ಆ ರಾತ್ರಿ ನಮ್ಮ ಮಗುವಿಗೆ ಆದದ್ದೂ ಇದೇ ಎಂದು ವೈದ್ಯೆ ವಿವರಿಸಿದರು.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರ್ ಒಆರ್‌ಎಸ್ ದ್ರಾವಣದಲ್ಲಿ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್ ಹಾಗೂ 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರಬೇಕು. ಒಟ್ಟು 20.5 ಗ್ರಾಂ. ಬಾಟಲಿಯ ಕೋಲಾ ಪಾನೀಯಗಳಲ್ಲಿ ಲೀಟರಿಗೆ 100 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಉಪ್ಪಿನಂಶ ನಗಣ್ಯ. ಒಆರ್‌ಎಸ್‌ಗೂ ಶರಬತ್ತಿಗೂ ಇರುವ ಅಂತರ ಇಷ್ಟರಿಂದಲೇ ತಿಳಿಯುತ್ತದೆ.

ನಿರಾಶ್ರಿತರ ಶಿಬಿರದಲ್ಲಿ ಗೆದ್ದ ಮದ್ದು

ಈ ಮದ್ದು ತನ್ನ ಶಕ್ತಿಯನ್ನು ತೋರಿದ್ದು ನಮ್ಮ ದೇಶದಲ್ಲಿಯೇ. 1971ರ ಬಾಂಗ್ಲಾ ವಿಮೋಚನಾ ಯುದ್ಧದ ಸಂದರ್ಭದಲ್ಲಿ ಲಕ್ಷಾಂತರ ಮಂದಿ ಗಡಿ ದಾಟಿ ಪಶ್ಚಿಮ ಬಂಗಾಳಕ್ಕೆ ಬಂದರು. ಬನ್‌ಗಾಂವ್‌ನ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ರಕ್ತನಾಳದ ಮೂಲಕ ನೀಡುವ ಸಲೈನ್ ದ್ರಾವಣ ಮುಗಿಯುತ್ತ ಬಂದಿತ್ತು. ಅದನ್ನು ನೀಡಬಲ್ಲ ತರಬೇತಾದ ಸಿಬ್ಬಂದಿಯೂ ಸಾಕಷ್ಟಿರಲಿಲ್ಲ.

ಅಲ್ಲಿದ್ದ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಗ್ಲೂಕೋಸ್ ಮತ್ತು ಅಡುಗೆ ಸೋಡಾ ಬೆರೆಸಿ ಪೊಟ್ಟಣ ಕಟ್ಟಿಸಿದರು. ಅದನ್ನು ನೀರಿನಲ್ಲಿ ಕಲಸಿ, ಡ್ರಮ್‌ಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳೇ ಲೋಟದಲ್ಲಿ ಹಿಡಿದು ಕುಡಿಸುವ ವ್ಯವಸ್ಥೆ ಮಾಡಿದರು. ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇ 4ಕ್ಕಿಂತ ಕೆಳಗಿಳಿಯಿತು. 2022ರಲ್ಲಿ ನಿಧನರಾದ ಮಹಲನಾಬಿಸ್ ಅವರಿಗೆ 2023ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಘೋಷಿಸಲಾಯಿತು. ಆಸ್ಪತ್ರೆ, ಸೂಜಿ, ದಾದಿ ಯಾವುದೂ ಇಲ್ಲದೆಡೆ ಮನೆಯವರೇ ಜೀವ ಉಳಿಸಬಹುದು ಎಂಬುದನ್ನು ಆ ಶಿಬಿರ ತೋರಿಸಿಕೊಟ್ಟಿತು.

ಹೆಸರಿನ ಮೇಲಾಟ

ಇಂತಹ ಹೆಸರು ವ್ಯಾಪಾರಕ್ಕೆ ಸಿಕ್ಕಿದ್ದು ದುರದೃಷ್ಟಕರ. ಒಆರ್‌ಎಸ್ ಎಂಬ ಅಕ್ಷರಗಳನ್ನು ಹೆಸರಿನಲ್ಲಿ ಸೇರಿಸಿಕೊಂಡ ಸಿಹಿ ಪಾನೀಯಗಳು ಹಲವು ವರ್ಷ ಔಷಧಿ ಅಂಗಡಿಗಳಲ್ಲಿಯೇ ಮಾರಾಟವಾದವು. ಇದರ ವಿರುದ್ಧ ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಸುಮಾರು ಎಂಟು ವರ್ಷ ಹೋರಾಡಿದರು.

ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2022ರ ಏಪ್ರಿಲ್‌ನಲ್ಲಿ ಇಂತಹ ಹೆಸರುಗಳಿಗೆ ತಡೆಯೊಡ್ಡಿತ್ತು. ಆದರೆ ಅದೇ ವರ್ಷದ ಜುಲೈನಲ್ಲಿ, ‘ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವಲ್ಲ’ ಎಂಬ ಎಚ್ಚರಿಕೆ ಮುದ್ರಿಸಿದರೆ ಬಳಸಬಹುದೆಂದು ಸಡಿಲಿಸಿತು. ನನ್ನ ಕೈಗೆ ಬಂದ ಡಬ್ಬಿಯ ಹಿಂದಿದ್ದ ಸಾಲು ಈ ಸಡಿಲಿಕೆಯ ಫಲ. 2025ರ ಅಕ್ಟೋಬರ್ 14ರಂದು ಪ್ರಾಧಿಕಾರ ಆ ಅನುಮತಿಯನ್ನು ಹಿಂತೆಗೆದುಕೊಂಡಿತು. ಸೂತ್ರಕ್ಕೆ ಹೊಂದದ ಯಾವುದೇ ಪಾನೀಯದ ಹೆಸರಿನಲ್ಲಿ, ಮುಂದೆ ಅಥವಾ ಹಿಂದೆ ಬೇರೆ ಪದ ಸೇರಿಸಿಯೂ, ಒಆರ್‌ಎಸ್ ಎಂಬ ಪದ ಬಳಸುವಂತಿಲ್ಲ ಎಂದು ಆದೇಶಿಸಿತು. ಇದನ್ನು ಪ್ರಶ್ನಿಸಿದ್ದ ಕಂಪನಿಯೊಂದರ ಅರ್ಜಿಯನ್ನು ಅದೇ ತಿಂಗಳ ಕೊನೆಯಲ್ಲಿ ದೆಹಲಿ ಹೈಕೋರ್ಟ್ ತಳ್ಳಿಹಾಕಿತು.

ಆದೇಶದಿಂದ ಹೆಸರು ಬದಲಾಗಬಹುದು, ಪಾನೀಯದ ಒಳಗಿನ ಸಕ್ಕರೆ ಬದಲಾಗದು. ಹೊಸ ಹೆಸರಿನ, ಹಣ್ಣಿನ ಚಿತ್ರದ ಡಬ್ಬಿಯನ್ನು ಅಂಗಡಿಯವರು ‘ಇದೂ ಅದೇ’ ಎಂದು ಕೊಟ್ಟರೆ ಪೋಷಕರು ಸೂತ್ರ ಕೇಳಿ ನೋಡಬೇಕು. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ ಸೂತ್ರವೆಂಬ ಉಲ್ಲೇಖ, ಮೇಲೆ ಹೇಳಿದ ನಾಲ್ಕು ಪದಾರ್ಥಗಳ ಪ್ರಮಾಣ ಇದ್ದರೆ ಮಾತ್ರ ಅದು ಒಆರ್‌ಎಸ್.

ಕಲಸುವ ಕ್ರಮ

ಸರಿಯಾದ ಪೊಟ್ಟಣ ಸಿಕ್ಕ ಮೇಲೂ ಕಲಸುವಲ್ಲಿ ತಪ್ಪುವವರಿದ್ದಾರೆ. ಒಂದು ಲೋಟ ನೀರಿಗೆ ಅಂದಾಜಿನ ಮೇಲೆ ಒಂದು ಚಮಚ ಪುಡಿ ಹಾಕಿ, ಉಳಿದದ್ದನ್ನು ಮಡಚಿಡುವುದು ಹಲವು ಮನೆಗಳ ರೂಢಿ. ಇದರಿಂದ ದ್ರಾವಣ ಒಮ್ಮೆ ಅತಿ ಗಾಢವಾದೀತು, ಒಮ್ಮೆ ತೀರಾ ತೆಳುವಾದೀತು. ಗಾಢವಾದ ದ್ರಾವಣ ಮಗುವಿನ ರಕ್ತದಲ್ಲಿ ಸೋಡಿಯಂ ಏರಿಸಿ ಅಪಾಯ ತರಬಲ್ಲದು.

* ದೊಡ್ಡ ಪೊಟ್ಟಣವಾದರೆ ಪೂರ್ತಿ ಪುಡಿಯನ್ನು ಒಂದು ಲೀಟರ್ ನೀರಿಗೆ, ಸುಮಾರು 4 ಗ್ರಾಂನ ಸಣ್ಣ ಪೊಟ್ಟಣವಾದರೆ 200 ಮಿ.ಲೀ. ನೀರಿಗೆ ಬೆರೆಸಬೇಕು. ಅಳತೆ ಪೊಟ್ಟಣದ ಮೇಲೆಯೇ ಇರುತ್ತದೆ.
* ಕುದಿಸಿ ಆರಿಸಿದ ಅಥವಾ ಶುದ್ಧೀಕರಿಸಿದ ನೀರನ್ನೇ ಬಳಸಬೇಕು. ಹಾಲು, ಹಣ್ಣಿನ ರಸ, ಎಳನೀರಿನಲ್ಲಿ ಕಲಸಬಾರದು. ರುಚಿಗೆಂದು ಸಕ್ಕರೆ ಸೇರಿಸಬಾರದು.
* ಕಲಸಿದ ದ್ರಾವಣವನ್ನು 24 ಗಂಟೆಗಳೊಳಗೆ ಬಳಸಿ, ಉಳಿದುದನ್ನು ಚೆಲ್ಲಬೇಕು.
* ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಕ್ಕಳಿಗೆ 50ರಿಂದ 100 ಮಿ.ಲೀ., ಅದಕ್ಕೂ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಕುಡಿಸಬೇಕು.
* ಪುಟ್ಟ ಮಗುವಿಗೆ ಒಂದೆರಡು ನಿಮಿಷಕ್ಕೊಮ್ಮೆ ಒಂದು ಚಮಚದಂತೆ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು, ಮತ್ತೆ ಇನ್ನೂ ನಿಧಾನವಾಗಿ ಆರಂಭಿಸಬೇಕು. ವಾಂತಿಯಾಯಿತೆಂದು ಕುಡಿಸುವುದನ್ನೇ ಬಿಡಬಾರದು.

ಪೊಟ್ಟಣವೇ ಸಿಗದ ಊರಿನಲ್ಲಿದ್ದರೆ? ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ತಾತ್ಕಾಲಿಕವಾಗಿ ಕುಡಿಸಬಹುದು. ಉಪ್ಪು ಹಾಕಿದ ಗಂಜಿತಿಳಿ, ನೀರು ಮಜ್ಜಿಗೆ ಕೂಡ ಆಗಬಹುದು. ಪೊಟ್ಟಣ ಸಿಕ್ಕೊಡನೆ ಅದಕ್ಕೆ ಬದಲಾಯಿಸಬೇಕು.

ಹೊಟ್ಟೆಗೆ ಬಿಡುವು ಬೇಡ

ಭೇದಿಯಾದ ಮಗುವಿನ ಹೊಟ್ಟೆಗೆ ಬಿಡುವು ಕೊಡಬೇಕೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ವೈದ್ಯಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಎದೆಹಾಲು ಕುಡಿಯುವ ಮಗುವಿಗೆ ಅದನ್ನು ಇನ್ನೂ ಹೆಚ್ಚು ಬಾರಿ ಕೊಡಬೇಕು. ಊಟ ಮಾಡುವ ಮಗುವಿಗೆ ಮೊಸರನ್ನ, ಇಡ್ಲಿ, ಹೆಸರುಬೇಳೆ ಬೆರೆಸಿದ ಮೆತ್ತನೆಯ ಅನ್ನ, ಬಾಳೆಹಣ್ಣು ಇವುಗಳನ್ನು ಸ್ವಲ್ಪ ಸ್ವಲ್ಪವಾಗಿ ನೀಡಬೇಕು. ಆಹಾರ ಕರುಳಿನ ಒಳಪದರ ಬೇಗ ದುರಸ್ತಿಯಾಗಲು ನೆರವಾಗುತ್ತದೆ.

ಹಲ್ಲು ಬರುವಾಗ ಭೇದಿ ಸಹಜ ಎನ್ನುವುದೂ ಅಷ್ಟೇ ಅಪಾಯಕಾರಿ ನಂಬಿಕೆ. ಹಲ್ಲು ಮೊಳೆಯುವ ವಯಸ್ಸಿನಲ್ಲಿ ಮಗು ನೆಲದಲ್ಲಿ ಬಿದ್ದದ್ದನ್ನೆಲ್ಲ ಬಾಯಿಗಿಡುತ್ತದೆ. ಸೋಂಕು ಬರುವುದು ಆ ದಾರಿಯಿಂದ.

ಒಆರ್‌ಎಸ್‌ನ ಜೊತೆಗಾರ ಸತು, ಅಂದರೆ ಜಿಂಕ್. ಆರು ತಿಂಗಳು ಮೀರಿದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳವರೆಗಿನ ಶಿಶುಗಳಿಗೆ 10 ಮಿ.ಗ್ರಾಂ.ನಂತೆ 14 ದಿನ ನೀಡಬೇಕೆಂಬುದು ನಮ್ಮ ಸರ್ಕಾರದ ಮಾರ್ಗಸೂಚಿ. ಭೇದಿ ನಿಂತಿತೆಂದು ಮೂರನೇ ದಿನವೇ ಬಿಡಬಾರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಭೇದಿಯಾದ ಮಕ್ಕಳ ಪೈಕಿ ಶೇ 61ರಷ್ಟು ಮಕ್ಕಳಿಗೆ ಒಆರ್‌ಎಸ್ ದೊರೆತಿತ್ತು. ಸತು ದೊರೆತದ್ದು ಅದರ ಅರ್ಧದಷ್ಟು ಮಕ್ಕಳಿಗೆ ಮಾತ್ರ. ಭೇದಿಯನ್ನು ತಟ್ಟನೆ ನಿಲ್ಲಿಸುವ, ದೊಡ್ಡವರು ನುಂಗುವ ಮಾತ್ರೆಗಳನ್ನು ಮಕ್ಕಳಿಗೆ ಕೊಡಲೇಬಾರದು. ವೈರಾಣುವಿನ ಭೇದಿಗೆ ಆ್ಯಂಟಿಬಯಾಟಿಕ್‌ನಿಂದ ಪ್ರಯೋಜನವಿಲ್ಲ.

ವೈದ್ಯರ ಬಳಿಗೆ ಯಾವಾಗ?

ಮಗು ಮಂಕಾಗಿ ಕರೆದರೂ ಕಣ್ಣು ಬಿಡದಿದ್ದರೆ, ಕುಡಿಯಲಾರದಿದ್ದರೆ ಅಥವಾ ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಕಣ್ಣು ಅಥವಾ ಎಳೆಗೂಸಿನ ನೆತ್ತಿ ಗುಳಿಬಿದ್ದಿದ್ದರೆ ತಡಮಾಡಬಾರದು. ಹೊಟ್ಟೆಯ ಚರ್ಮವನ್ನು ಮೆಲ್ಲನೆ ಹಿಡಿದೆತ್ತಿ ಬಿಟ್ಟಾಗ ಅದು ಕೂಡಲೇ ಸಮನಾಗದಿದ್ದರೂ ಎಚ್ಚರಿಕೆಯ ಗಂಟೆಯೇ. ಭೇದಿಯಲ್ಲಿ ರಕ್ತ, ವಾಂತಿಯಲ್ಲಿ ಹಸಿರು ಬಣ್ಣ, ತೀವ್ರ ಜ್ವರ ಕಂಡರೆ ಮನೆಮದ್ದಿನ ಮಾತೇ ಬೇಡ. ಆರು ತಿಂಗಳೊಳಗಿನ ಶಿಶುವಾದರೆ ಈ ಲಕ್ಷಣಗಳಿಗಾಗಿ ಕಾಯದೆ ವೈದ್ಯರಿಗೆ ತೋರಿಸಬೇಕು. ಪರ ಊರಿನಲ್ಲಿ ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಬಹುದು. ಆಸ್ಪತ್ರೆಯ ದಾರಿಯಲ್ಲಿಯೂ, ಮಗು ಎಚ್ಚರವಾಗಿದ್ದು ಕುಡಿಯಬಲ್ಲದಾದರೆ, ಚಮಚ ನಿಲ್ಲಬಾರದು.

ಘಾಟಿಯ ವಾಂತಿಯೇ ಬೇರೆ

ಆಗುಂಬೆ, ಚಾರ್ಮಾಡಿಯ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿಕೊಂಡರೆ ಗಾಬರಿ ಬೇಕಿಲ್ಲ. ವಾಹನದ ಓಲಾಟವನ್ನು ಒಳಕಿವಿ ಗ್ರಹಿಸುತ್ತದೆ, ಮೊಬೈಲಿನಲ್ಲಿ ನೆಟ್ಟ ಕಣ್ಣು ಮಾತ್ರ ಎಲ್ಲವೂ ನಿಂತಿದೆ ಎನ್ನುತ್ತದೆ. ಈ ಗೊಂದಲವೇ ಹೊಟ್ಟೆ ತೊಳಸುವಿಕೆಗೆ ಕಾರಣ. ಎರಡರಿಂದ ಹನ್ನೆರಡು ವರ್ಷದವರಲ್ಲಿ ಇದು ಹೆಚ್ಚು. ಹೊರಡುವ ಮುನ್ನ ಹಗುರವಾದ ತಿಂಡಿ, ದೂರದ ಬೆಟ್ಟ ಕಾಣುವಂತಹ ಆಸನ, ತೆರೆದ ಕಿಟಕಿಯ ಗಾಳಿ, ನಡುನಡುವೆ ನಿಲುಗಡೆ ಇದ್ದರೆ ಬಹುಮಟ್ಟಿಗೆ ತಪ್ಪುತ್ತದೆ. ಕೆಳಗಿಳಿದು ಒಂದೆರಡು ತಾಸಾದರೂ ವಾಂತಿ ನಿಲ್ಲದಿದ್ದರೆ, ಜೊತೆಗೆ ಭೇದಿ ಅಥವಾ ಜ್ವರ ಕಂಡರೆ ಅದು ಘಾಟಿಯ ವಾಂತಿಯಲ್ಲ ಎಂದು ತಿಳಿಯಬೇಕು.

ಚೀಲದಲ್ಲಿರಲಿ

ಡಬ್ಲ್ಯುಎಚ್‌ಒ ಸೂತ್ರದ ನಾಲ್ಕೈದು ಒಆರ್‌ಎಸ್ ಪೊಟ್ಟಣ, ಒಂದು ಲೀಟರಿನ ಬಾಟಲಿ, ಚಮಚ, ವೈದ್ಯರು ಬರೆದುಕೊಟ್ಟ ಜಿಂಕ್, ಥರ್ಮಾಮೀಟರ್ ಹಾಗೂ ಪ್ಯಾರಾಸಿಟಮಾಲ್ ಸಿರಪ್ ಜೊತೆಗಿದ್ದರೆ ಸಾಕು. ಸಿರಪ್‌ನ ವಿಷಯದಲ್ಲಿಯೂ ಚೀಟಿ ಓದುವುದು ಮುಖ್ಯ. 5 ಮಿ.ಲೀ.ಗೆ 125 ಮಿ.ಗ್ರಾಂ. ಇರುವುದೂ ಉಂಟು, 250 ಇರುವುದೂ ಉಂಟು. ಮನೆಯ ಅಳತೆಯಲ್ಲೇ ಹೊಸ ಬಾಟಲಿಯದನ್ನು ಕುಡಿಸಿದರೆ ಪ್ರಮಾಣ ಇಮ್ಮಡಿಯಾದೀತು. ಮಗುವಿನ ತೂಕಕ್ಕೆ ಎಷ್ಟು ಎಂಬುದನ್ನು ಮೊದಲೇ ವೈದ್ಯರಿಂದ ಬರೆಸಿಕೊಳ್ಳುವುದು ಒಳಿತು. ಕೆಮ್ಮಿನ ಸಿರಪ್ಪನ್ನು ಚೀಲದಿಂದ ತೆಗೆದುಬಿಡಬಹುದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಮೃತಪಟ್ಟ ದುರಂತದ ನಂತರ, ಎರಡು ವರ್ಷದೊಳಗಿನವರಿಗೆ ಇಂತಹ ಔಷಧ ನೀಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಸಲ್ಲದು ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಸೂಚಿಸಿತು.

ಇವೆಲ್ಲಕ್ಕೂ ಮೊದಲಿನದು ತಡೆ. ರೋಟಾವೈರಸ್ ಲಸಿಕೆ 2016ರಿಂದ ಹಂತಹಂತವಾಗಿ ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಸೇರಿ, 2019ರಲ್ಲಿ ದೇಶದೆಲ್ಲೆಡೆ ವಿಸ್ತರಣೆಯಾಯಿತು. ಆರು, ಹತ್ತು ಮತ್ತು ಹದಿನಾಲ್ಕನೇ ವಾರಗಳಲ್ಲಿ ಉಚಿತವಾಗಿ ಹನಿಯಾಗಿ ನೀಡಲಾಗುತ್ತದೆ. ಕೈತೊಳೆಯುವ ಸಾಬೂನು, ಮನೆಯಿಂದ ಒಯ್ದ ನೀರು, ಕಣ್ಣೆದುರೇ ಬಿಸಿಯಾಗಿ ಬಡಿಸಿದ ಊಟ ಇವು ಪ್ರವಾಸದ ನಿಯಮವಾಗಲಿ. ಹೆಚ್ಚಿಟ್ಟ ಹಣ್ಣು, ಬಣ್ಣದ ಐಸ್‌ಗೆ ಮಗು ಹಟ ಹಿಡಿದರೆ ಸುಲಿದು ತಿನ್ನುವ ಬಾಳೆಹಣ್ಣು ಕೊಡಿಸಿ.

ನಮ್ಮ ಮಗಳು ಈಗ ಮತ್ತೆ ಜಿರಾಫೆ ನೋಡಬೇಕೆನ್ನುತ್ತಿದ್ದಾಳೆ. ಈ ಬಾರಿ ಚೀಲ ತುಂಬುವ ಹೊಣೆಯನ್ನು ಅಮ್ಮನಿಗೇ ಒಪ್ಪಿಸಿದ್ದೇನೆ. ಕನ್ನಡಕ ಹಾಕಿಕೊಂಡು, ಪ್ರತಿ ಪೊಟ್ಟಣದ ಹಿಂಭಾಗದ ಸಣ್ಣ ಅಕ್ಷರಗಳನ್ನು ನನ್ನಿಂದ ಓದಿಸಿದ ಮೇಲೆಯೇ ಅವರು ಅದನ್ನು ಒಳಗಿಡುತ್ತಾರೆ.